ಮೀಥೇನ್ ಒಪ್ಪಂದಕ್ಕೆ ಭಾರತ ಸೇರಲಿಲ್ಲ, ಹಾಗಾದ್ರೆ ಇಲ್ಲಿ ಏನು ಕೆಲಸ ಆಗ್ತಿದೆ?

ತುಂಗಾತೀರ:
2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಗ್ಲೋಬಲ್ ಮೀಥೇನ್ ಪ್ಲೆಡ್ಜ್ ಶುರುವಾಯ್ತು. ಜಗತ್ತಿನ ಮೀಥೇನನ್ನು 2030ರೊಳಗೆ 2020ರ ಮಟ್ಟಕ್ಕಿಂತ ಶೇ. 30ರಷ್ಟು ಇಳಿಸಬೇಕು ಅನ್ನೋದು ಗುರಿ. ನೂರಕ್ಕೂ ಹೆಚ್ಚು ದೇಶ ಸೇರಿದವು, ಭಾರತ ಸೇರಲಿಲ್ಲ. ಈ ಅನಿಲ ಗಾಳಿಯಲ್ಲಿ ಉಳಿಯೋದು ಸುಮಾರು 12 ವರ್ಷ ಅಷ್ಟೇ. ಆದರೆ 20 ವರ್ಷದ ಲೆಕ್ಕ ಹಿಡಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಅಂದ್ರೆ ಈಗ ಕಡಿಮೆ ಮಾಡಿದರೆ ನಮ್ಮ ಕಾಲದಲ್ಲೇ ಫಲ ಕಾಣುತ್ತದೆ, ಅಲ್ವಾ? ಸೇರದೇ ಇದ್ದದ್ದು ಸರಿನಾ? ನೆಲದ ಮೇಲೆ ಏನಾದರೂ ನಡೀತಿದ್ಯಾ? ಗೊತ್ತಿದ್ದವರು ಹೇಳಿ.

ಕೊಟ್ಟಿಗೆ_ಡಾಕ್ಟ್ರು:
ನಾನು ಪಶುವೈದ್ಯೆ, ದನದ ಕಡೆಯಿಂದ ಹೇಳ್ತೀನಿ. ನಮ್ಮ ದೇಶದ ಮೀಥೇನ್‌ನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕೃಷಿಯದ್ದೇ, ಅದರಲ್ಲೂ ದನ ಎಮ್ಮೆಗಳದ್ದು ದೊಡ್ಡ ಪಾಲು. 2019ರ ಜಾನುವಾರು ಗಣತಿಯಲ್ಲಿ ಎರಡೂ ಸೇರಿ ಸುಮಾರು 30 ಕೋಟಿ ಇದ್ದವು. ಬಹಳ ಜನ ಸಗಣಿಯನ್ನು ದೂರುತ್ತಾರೆ, ಆದರೆ ಹೆಚ್ಚಿನದು ಹಸು ತೇಗುವಾಗ ಬಾಯಿಂದಲೇ ಹೊರಗೆ ಬರುತ್ತದೆ. ಡೆನ್ಮಾರ್ಕ್ 2030ರಿಂದ ಇದಕ್ಕೆ ತೆರಿಗೆ ಹಾಕಲು ಒಪ್ಪಿದೆ. ಅಲ್ಲಿ ಒಂದೊಂದು ಫಾರಂನಲ್ಲಿ ನೂರಾರು ಹಸು. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸಿನ ಮೇಲೆ ಅಂಥ ಭಾರ ಹೊರಿಸೋಕೆ ಆಗಲ್ಲ. ಭಾರತ ಹೇಳಿದ್ದೂ ಇದನ್ನೇ: ಇದು ಸಣ್ಣ ರೈತರ ಬದುಕಿನ ವಿಷಯ ಅಂತ. ನಾನು ಒಪ್ಪುತ್ತೇನೆ.

ಆದರೆ ಅಷ್ಟಕ್ಕೇ ಸುಮ್ನೆ ಕೂರೋದನ್ನು ಒಪ್ಪಲ್ಲ. ತೇಗಿನಲ್ಲಿ ಹೋಗೋದು ಹಸು ತಿಂದ ಮೇವಿನ ಶಕ್ತಿಯೇ, ಅದು ಹಾಲಾಗಬೇಕಿತ್ತು. ಬರೀ ಒಣಹುಲ್ಲು ತಿಂದರೆ ಈ ನಷ್ಟ ಜಾಸ್ತಿ. ಹಸಿ ಮೇವು, ಹಿಂಡಿ, ಖನಿಜ ಮಿಶ್ರಣ ಲೆಕ್ಕವಾಗಿ ಕೊಟ್ಟರೆ ಒಂದು ಲೀಟರ್ ಹಾಲಿಗೆ ಬರುವ ಮೀಥೇನ್ ಇಳಿಯುತ್ತದೆ. ಎನ್‌ಡಿಡಿಬಿ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಹಳ್ಳಿಗಳಲ್ಲಿ ಇದನ್ನು ಮಾಡಿ ತೋರಿಸಿದೆ. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿರುವ ಎನ್‌ಐಎಎನ್‌ಪಿ ಅನ್ನೋ ಪಶು ಆಹಾರ ಸಂಶೋಧನಾ ಸಂಸ್ಥೆ 'ಹರಿತ್ ಧಾರಾ' ಅನ್ನೋ ಮೇವಿನ ಪೂರಕ ತಯಾರಿಸಿದೆ. ಟ್ಯಾನಿನ್ (ಗಿಡಗಳಲ್ಲಿರುವ ಒಗರು ಪದಾರ್ಥ) ಇರುವ ಗಿಡಮೂಲದ್ದು, ಮೀಥೇನನ್ನು ಶೇ. 17ರಿಂದ 20ರಷ್ಟು ತಗ್ಗಿಸುತ್ತದೆ ಅಂತ ಅವರ ಲೆಕ್ಕ. ನಾನು ಹೋಗುವ ಊರುಗಳಲ್ಲಿ ಅದರ ಹೆಸರು ಕೇಳಿದವರೇ ಇಲ್ಲ. ನನಗೆ ಬೇಜಾರಾಗೋದು ಅಲ್ಲೇ.

ಎಡದಂಡೆ_ರೈತ:
ನಮ್ಮದು ತುಂಗಭದ್ರಾ ಎಡದಂಡೆ, ಸಿಂಧನೂರು ಕಡೆ, ಭತ್ತ. ಗದ್ದೆಯಲ್ಲಿ ನೀರು ನಿಂತೇ ಇದ್ದರೆ ಮಣ್ಣಿಗೆ ಗಾಳಿ ಆಡಲ್ಲ, ಆಗ ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಪರಿಹಾರ ಎಲ್ಲರಿಗೂ ಗೊತ್ತು. ತೂತು ಇರುವ ಪೈಪನ್ನು ಗದ್ದೆಯಲ್ಲಿ ಹುಗಿದು, ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ಕಟ್ಟಬೇಕು. ಇಲ್ಲಾಂದ್ರೆ ನಾಟಿ ಬಿಟ್ಟು ಕೂರಿಗೆ ಬಿತ್ತನೆ. ನಮ್ಮ ಕಡೆ ಕೂರಿಗೆ ಹಿಡಿದವರು ಇದ್ದಾರೆ, ಆಳಿನ ಖರ್ಚು ಉಳಿಯುತ್ತೆ ಅಂತ. ಕಳೆ ಮಾತ್ರ ಜಾಸ್ತಿ.

ಮೊದಲನೇದು ಕಷ್ಟ ಯಾಕೆ ಅಂದ್ರೆ, ಕಾಲುವೆ ನೀರು ನಮ್ಮ ಮಾತು ಕೇಳಲ್ಲ. ಬೋರ್‌ವೆಲ್ ಇದ್ದವನು ಬೇಕಾದಾಗ ಮೋಟರ್ ಹಾಕ್ತಾನೆ. ನಾವು ಇವತ್ತು ಗದ್ದೆ ಒಣಗಲಿ ಅಂತ ಬಿಟ್ಟರೆ, ಮುಂದಿನ ಸರದಿಯಲ್ಲಿ ಮೇಲಿನವರು ಬಿಟ್ಟಷ್ಟೇ ನಮಗೆ. ಅದಕ್ಕೇ ಬಂದಾಗ ತುಂಬಿಸಿ ಇಟ್ಕೊಳ್ತೀವಿ. ಪೈಪ್ ಕೊಟ್ಟು, ತರಬೇತಿ ಕೊಟ್ಟು, ಫೋಟೋ ತೆಗೆದುಕೊಂಡು ಹೋದರೆ ಇದು ಬದಲಾಗಲ್ಲ. ಕೊನೆ ಭಾಗದ ರೈತನಿಗೂ ಹೇಳಿದ ದಿನ ನೀರು ಬರಬೇಕು. ಇನ್ನೊಂದು, ಗದ್ದೆ ಒಣಗಿಸಿ ನೆನೆಸುವಾಗ ಯೂರಿಯಾ ಸಿಕ್ಕಾಪಟ್ಟೆ ಹಾಕಿದರೆ ನೈಟ್ರಸ್ ಆಕ್ಸೈಡ್ ಅನ್ನೋ ಇನ್ನೊಂದು ಬಿಸಿ ಏರಿಸುವ ಅನಿಲ ಜಾಸ್ತಿಯಾಗುತ್ತದೆ. ಅದು ಇನ್ನೂ ಕೆಟ್ಟದ್ದು.

ಹಸಿಕಸ:
ಊರಿನ ಕಸ ಮರೀಬೇಡಿ, ಇದರಲ್ಲಿ ಯಾವ ಬಡ ರೈತನಿಗೂ ತೊಂದರೆ ಇಲ್ಲ. ಹಸಿ ಕಸ ಗುಡ್ಡೆ ಬಿದ್ದು ಒಳಗೊಳಗೇ ಕೊಳೆತರೆ ಮೀಥೇನ್, ಅದಕ್ಕೆ ಬೆಂಕಿ ಬಿದ್ದರೆ ಸುತ್ತಲ ಜನಕ್ಕೆ ಹೊಗೆ. ಇಂದೋರ್‌ನಲ್ಲಿ 2022ರ ಫೆಬ್ರವರಿಯಲ್ಲಿ ದಿನಕ್ಕೆ 550 ಟನ್ ಹಸಿ ಕಸ ಹಿಡಿಯುವ ಘಟಕ ಶುರುವಾಯ್ತು. ಅದರ ಗ್ಯಾಸ್‌ನಲ್ಲಿ ಸಿಟಿ ಬಸ್ ಓಡಿಸೋ ಯೋಜನೆ. ಅಲ್ಲಿ ಆಗಿದ್ದು ಮನೆಯಲ್ಲೇ ಕಸ ಬೇರೆ ಮಾಡಿದ್ದರಿಂದ. ದೇಶದ ಮಟ್ಟದಲ್ಲಿ ಕಸ, ಸಗಣಿಯಂಥದ್ದರಿಂದ ಗ್ಯಾಸ್ ಮಾಡುವ 2018ರ 'ಸತತ್' ಯೋಜನೆ 5,000 ಘಟಕ ಅಂದಿತ್ತು, ಅದರ ಹತ್ತಿರಕ್ಕೂ ಹೋಗಿಲ್ಲ. ಈಗ 2025-26ರಿಂದ ಸಿಎನ್‌ಜಿ, ಪೈಪ್ ಗ್ಯಾಸ್‌ನಲ್ಲಿ ಶೇ. 1ರಷ್ಟು ಜೈವಿಕ ಅನಿಲ ಸೇರಿಸಲೇಬೇಕು ಅಂತ ನಿಯಮ ಬಂದಿದೆ, 2028-29ಕ್ಕೆ ಶೇ. 5. ಕೊಳ್ಳೋರು ಖಚಿತವಾದರೆ ಘಟಕ ಹಾಕೋರು ಮುಂದೆ ಬರ್ತಾರೆ.

ತುಂಗಾತೀರ:
ಥ್ಯಾಂಕ್ಸ್ ಎಲ್ಲರಿಗೂ. @ಎಡದಂಡೆ_ರೈತ, ಹಾಗಾದ್ರೆ ಮೊದಲು ಮಾಡಬೇಕಾದ್ದು ನೀರಾವರಿ ಇಲಾಖೆಯವರು, ಕೃಷಿ ಇಲಾಖೆ ಅಲ್ಲ?

ಎಡದಂಡೆ_ರೈತ:
ಇಬ್ಬರೂ ಒಟ್ಟಿಗೆ ಕೂರಬೇಕು. ಒಂದು ಉಪಕಾಲುವೆ ಆರಿಸಿಕೊಂಡು, ಎರಡು ಬೆಳೆ ಸರದಿ ತಪ್ಪದೆ ನೀರು ಕೊಟ್ಟು ನೋಡಲಿ. ಪೈಪ್ ನಾವೇ ತಂದು ಹುಗೀತೀವಿ.