ಪೂಜೆಯ ನಂತರ ಓಪಲ್ ಹರಳಿನ ಬಣ್ಣವೇ ಹೋಗಿದೆ: ಇದು ನಕಲಿಯೇ?

ಪ್ರಶ್ನೆ (ಶಹಾಪುರ ನಿವಾಸಿ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಮಗಳ ಜಾತಕದಲ್ಲಿ ಶುಕ್ರನ ಬಲ ಕಡಿಮೆಯಿದೆ, ವಜ್ರ ಹಾಕಿಸಲು ಆಗದಿದ್ದರೆ ಓಪಲ್ ಹಾಕಿಸಿರಿ ಎಂದು ನಮ್ಮ ಜ್ಯೋತಿಷಿಗಳು ಹೇಳಿದ್ದರಿಂದ, ಇಲ್ಲಿಯ ಒಂದು ಸರಾಫ ಅಂಗಡಿಯಲ್ಲಿ ಐದೂವರೆ ರತ್ತಿಯ ಹರಳನ್ನು ಬೆಳ್ಳಿಯ ಉಂಗುರಕ್ಕೆ ಕೂಡಿಸಿದೆವು. ಅಂಗಡಿಯಲ್ಲಿ ನೋಡಿದಾಗ ಹಾಲುಬಿಳುಪಿನ ಮೈಯೊಳಗೆ ಹಸಿರು ಮತ್ತು ಕಿತ್ತಳೆ ಬಣ್ಣದ ಕಿಡಿಗಳು ಉಂಗುರವನ್ನು ತಿರುಗಿಸಿದ ಹಾಗೆಲ್ಲ ಜಾಗ ಬದಲಿಸುತ್ತಿದ್ದವು. ಶುಕ್ರವಾರ ಧರಿಸುವ ಮುನ್ನ, ಹೇಳಿದ ಪ್ರಕಾರವೇ, ಹಿಂದಿನ ರಾತ್ರಿ ಉಂಗುರವನ್ನು ಪಂಚಾಮೃತದಲ್ಲಿ ಇಟ್ಟು ಬೆಳಿಗ್ಗೆ ಅರಿಷಿಣದ ನೀರಿನಿಂದ ತೊಳೆದೆವು. ಹೊರಗೆ ತೆಗೆದು ನೋಡಿದರೆ ಬಿಳುಪು ಪೂರ್ತಿ ಹೋಗಿ ಹರಳು ಪಾರದರ್ಶಕವಾಗಿತ್ತು; ಕೆಳಗಿನ ಬೆಳ್ಳಿಯ ಅಂಚು ಹರಳಿನ ಮೂಲಕವೇ ಕಾಣುತ್ತಿತ್ತು. ಕಿಡಿಗಳು ಬಹುತೇಕ ಮಾಯವಾಗಿದ್ದವು, ಒಂದು ಬದಿಗೆ ಹಳದಿ ಛಾಯೆಯೂ ಬಂದಿತ್ತು.

ಅಂಗಡಿಯವರು ಹರಳು ಅಸಲಿಯೇ ಎಂದು ಹೇಳುತ್ತಾರೆ, ಆದರೆ ಹೀಗೇಕಾಯಿತೆಂದು ವಿವರಿಸುತ್ತಿಲ್ಲ. ಬಿಲ್ಲಿನಲ್ಲಿ "ಓಪಲ್" ಎಂಬುದರ ಹೊರತು ಬೇರೇನೂ ಬರೆದಿಲ್ಲ. ಇದು ಗಾಜೇ, ಅಸಲಿ ಹರಳೇ? ಮೊದಲಿನಂತೆ ಆಗುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹರಳು ಸಾಣೆ ಹಿಡಿಯುವವರು, ಬೆಳಗಾವಿ)

ಅಕ್ಕಾವರೇ, ಮೊದಲು ಸಮಾಧಾನದ ಮಾತು: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಅದು ಗಾಜಲ್ಲ. ಗಾಜಾಗಲಿ ಪ್ಲಾಸ್ಟಿಕ್ ಆಗಲಿ ರಾತ್ರಿಯಿಡೀ ನೀರಿನಲ್ಲಿದ್ದರೂ ಹೀಗೆ ಬದಲಾಗುವುದಿಲ್ಲ. ಮಾರುಕಟ್ಟೆಯಲ್ಲಿ "ಓಪಲೈಟ್" ಎಂದು ಮಾರುವುದು ನೀಲಿ ಛಾಯೆಯ ಗಾಜು. ಬೆಳಕಿಗೆ ಹಿಡಿದರೆ ಕಿತ್ತಳೆಯಾಗಿ ಕಾಣುತ್ತದೆಯೇ ಹೊರತು ಒಳಗೆ ಬಣ್ಣದ ಕಿಡಿಗಳು ಇರುವುದಿಲ್ಲ.

ನಿಮ್ಮದು ಬಹುಮಟ್ಟಿಗೆ ಇಥಿಯೋಪಿಯಾದ ವೊಲ್ಲೊ ಪ್ರಾಂತದ ಹರಳು. 2008ರಲ್ಲಿ ಅಲ್ಲಿಯ ನಿಕ್ಷೇಪ ಬೆಳಕಿಗೆ ಬಂದ ಮೇಲೆ ಕಚ್ಚಾ ಕಲ್ಲು ಜೈಪುರಕ್ಕೆ ಹೇರಳವಾಗಿ ಬಂದು, ಅಲ್ಲಿ ಸಾಣೆಗೊಂಡು, ನಮ್ಮ ಊರಿನ ಅಂಗಡಿಗಳಿಗೂ ತಲುಪುತ್ತಿದೆ. ಈ ಜಾತಿಗೆ ಹೈಡ್ರೋಫೇನ್ ಎಂದು ಹೆಸರು. ಇದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಒಣಗಿದಾಗ ಅವುಗಳಲ್ಲಿ ಗಾಳಿ ತುಂಬಿದ್ದು ಬೆಳಕು ಚದುರುವುದರಿಂದ ಹರಳು ಬೆಳ್ಳಗೆ ಕಾಣುತ್ತದೆ. ನೀರು ಹೀರಿದಾಗ ಆ ಚದುರುವಿಕೆ ತಗ್ಗಿ ಪಾರದರ್ಶಕವಾಗುತ್ತದೆ. ಒಣ ಹರಳನ್ನು ನಾಲಿಗೆಗೆ ತಾಗಿಸಿದರೆ ಅಂಟಿಕೊಳ್ಳುವುದೂ ಇದೇ ಕಾರಣಕ್ಕೆ. ನೀರು ಹೀರಿದಾಗ ತೂಕವೂ ಏರುವುದರಿಂದ, ಕೊಳ್ಳುವಾಗ ಒಣಗಿದ ಹರಳನ್ನೇ ತೂಗಿಸಬೇಕು.

ಬರೀ ನೀರಾಗಿದ್ದರೆ ಒಣಗಿದೊಡನೆ ಎಲ್ಲವೂ ಮರಳುತ್ತಿತ್ತು. ಇಲ್ಲಿ ತೊಂದರೆಯಿರುವುದು ಪಂಚಾಮೃತದಲ್ಲಿ. ಸಕ್ಕರೆ ಮತ್ತು ಜೇನು ನೀರಿನೊಂದಿಗೆ ಒಳಗೆ ಹೋಗುತ್ತವೆ, ತುಪ್ಪದ ಜಿಡ್ಡು ಒಣಗುವುದೇ ಇಲ್ಲ, ಅರಿಷಿಣ ಬಣ್ಣ ಹಿಡಿಸುತ್ತದೆ. ಸಕ್ಕರೆ ಎಷ್ಟು ಆಳಕ್ಕೆ ಇಳಿಯಬಲ್ಲದೆಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಆಸ್ಟ್ರೇಲಿಯಾದ ಆಂಡಮೂಕಾದಲ್ಲಿ ಸಿಗುವ, ರಂಧ್ರಗಳಿರುವ ಮಸುಕಾದ ಓಪಲನ್ನು ಸಕ್ಕರೆ ಪಾಕದಲ್ಲಿ ನೆನೆಸಿ, ಬಳಿಕ ಗಂಧಕಾಮ್ಲದಲ್ಲಿ ಇಟ್ಟು, ಒಳಗಿನ ಸಕ್ಕರೆಯನ್ನು ಇಂಗಾಲವಾಗಿಸಿ ಕಪ್ಪು ಮಾಡುವ ಪದ್ಧತಿಯೇ ಇದೆ. ಕಪ್ಪು ಹಿನ್ನೆಲೆಯಲ್ಲಿ ಬಣ್ಣಗಳು ಎದ್ದು ಕಾಣುತ್ತವೆ.

ಈಗ ಮಾಡಬೇಕಾದುದು ಇಷ್ಟು. ಉಂಗುರವನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟು, ದಿನಕ್ಕೊಮ್ಮೆ ನೀರು ಬದಲಿಸುತ್ತ ಕೆಲವು ದಿನ ಬಿಡಿರಿ. ಸಕ್ಕರೆಯ ಅಂಶ ಹೊರಬರುತ್ತದೆ. ಆಮೇಲೆ ಮೆತ್ತನೆಯ ಬಟ್ಟೆಯ ಮೇಲೆ ನೆರಳಿನಲ್ಲಿ ತಾನಾಗಿ ಒಣಗಲಿ. ಅದಕ್ಕೆ ವಾರಗಳೇ ಹಿಡಿಯಬಹುದು. ಬಿಸಿಲಿಗೆ ಇಡಬೇಡಿರಿ, ಹೇರ್ ಡ್ರೈಯರ್ ಹಿಡಿಯಬೇಡಿರಿ. ಅವಸರದಲ್ಲಿ ಒಣಗಿಸಿದರೆ ಹರಳು ಸೀಳುತ್ತದೆ. ಬಿಳುಪು ಮತ್ತು ಕಿಡಿಗಳು ಬಹುಪಾಲು ಮರಳುತ್ತವೆಂದು ನನ್ನ ನಂಬಿಕೆ. ಅರಿಷಿಣದ ಬಣ್ಣ ಬೆಳಕಿಗೆ ಕ್ರಮೇಣ ಮಾಸುವಂಥದ್ದು, ಆದರೆ ಅದು ಪೂರ್ತಿ ಹೋಗುತ್ತದೆಂದು ನಾನು ಭರವಸೆ ಕೊಡಲಾರೆ.

ಉತ್ತರ 2 (ಭೂವಿಜ್ಞಾನ ಉಪನ್ಯಾಸಕಿ, ವಿಜಯಪುರ)

ಮೇಲಿನ ಉತ್ತರ ಸರಿಯಾಗಿದೆ. ಒಂದು ಹರಳು ನೀರು ಕುಡಿಯುತ್ತದೆ, ಇನ್ನೊಂದು ಕುಡಿಯುವುದಿಲ್ಲ ಎಂಬ ವ್ಯತ್ಯಾಸ ಅವು ಹುಟ್ಟಿದ ನೆಲದಲ್ಲಿಯೇ ಇದೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಓಪಲ್ ಎಂದರೆ ನೀರನ್ನು ಒಳಗಿಟ್ಟುಕೊಂಡ ಸಿಲಿಕಾ. ಸ್ಫಟಿಕಶಿಲೆಯೂ ಸಿಲಿಕಾವೇ, ಆದರೆ ಅದರಲ್ಲಿರುವ ಹರಳು ರಚನೆ, ಅಂದರೆ ಪರಮಾಣುಗಳ ಕ್ರಮಬದ್ಧ ಜೋಡಣೆ, ಓಪಲಿನಲ್ಲಿ ಇಲ್ಲ. ಸಾಮಾನ್ಯವಾಗಿ ತೂಕದ ಶೇಕಡಾ 3ರಿಂದ 10ರಷ್ಟು ನೀರೇ ಇರುತ್ತದೆ. ಅದರ ಬಣ್ಣಗಳಿಗೆ ಕಾರಣ ಬಹುಕಾಲ ತಿಳಿದಿರಲಿಲ್ಲ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿದ ಉಂಡಿಗಳಂತೆ ಸಿಲಿಕಾದ ಅತಿಸೂಕ್ಷ್ಮ ಗೋಳಗಳು ಸಾಲುಸಾಲಾಗಿ ಕುಳಿತಿರುವುದು ಕಂಡುಬಂತು. ಸುಮಾರು 150ರಿಂದ 300 ನ್ಯಾನೊಮೀಟರ್ ಅಳತೆಯ ಈ ಗೋಳಗಳ ಸಾಲುಗಳು ಬೆಳಕನ್ನು ಬಾಗಿಸಿ ಬಣ್ಣಗಳಾಗಿ ಒಡೆಯುತ್ತವೆ. ಗೋಳಗಳು ಸಣ್ಣವಿದ್ದರೆ ನೀಲಿ ಮಾತ್ರ, ದೊಡ್ಡವಿದ್ದರೆ ಕೆಂಪು ಸಹ ಕಾಣುತ್ತದೆ; ಕೆಂಪು ಕಿಡಿಯ ಓಪಲ್‌ಗೆ ಬೆಲೆ ಹೆಚ್ಚಿರುವುದು ಅದು ವಿರಳವಾಗಿರುವುದರಿಂದ. ಗೋಳಗಳು ಅಡ್ಡಾದಿಡ್ಡಿಯಾಗಿದ್ದರೆ ಬಣ್ಣವೇ ಹುಟ್ಟುವುದಿಲ್ಲ, ಮತ್ತು ಗಣಿಯಿಂದ ಬರುವ ಓಪಲಿನಲ್ಲಿ ಹೆಚ್ಚಿನ ಪಾಲು ಅಂಥದ್ದೇ.

ಆಸ್ಟ್ರೇಲಿಯಾದ ಓಪಲ್ ಹುಟ್ಟಿದ್ದು ಹಳೆಯ ಒಳನಾಡು ಸಮುದ್ರದ ತಳದಲ್ಲಿ ನಿಂತ ಮರಳುಗಲ್ಲು ಮತ್ತು ಜೇಡಿಗಲ್ಲಿನ ಬಿರುಕುಗಳಲ್ಲಿ. ಅಲ್ಲಿಯ ಚಿಪ್ಪುಗಳು, ಸರೀಸೃಪಗಳ ಮೂಳೆಗಳು ಕೂಡ ಓಪಲ್ ಆಗಿ ಮಾರ್ಪಟ್ಟಿವೆ. ಕೂಬರ್ ಪೀಡಿಯಲ್ಲಿ 1915ರಲ್ಲಿ ಓಪಲ್ ಸಿಕ್ಕಿತು. ಬೇಸಿಗೆಯ ಬಿಸಿಲು ತಡೆಯಲಾರದೆ ಅಲ್ಲಿಯ ಅನೇಕ ಜನ ಇಂದಿಗೂ ನೆಲದೊಳಗೆ ಕೊರೆದ ಮನೆಗಳಲ್ಲಿ ವಾಸಿಸುತ್ತಾರೆ. ಕಪ್ಪು ಓಪಲ್‌ಗೆ ಹೆಸರಾದ ಊರು ಲೈಟ್ನಿಂಗ್ ರಿಜ್. ಈ ಓಪಲ್‌ಗಳು ಸಾಮಾನ್ಯವಾಗಿ ನೀರು ಹೀರುವುದಿಲ್ಲ. ಇಥಿಯೋಪಿಯಾದ್ದು ಜ್ವಾಲಾಮುಖಿ ಶಿಲೆಗಳಲ್ಲಿ ಹುಟ್ಟಿದ್ದು. ಎತ್ತರದ ಪ್ರಸ್ಥಭೂಮಿಯ ಕಡಿದಾದ ಅಂಚಿನಲ್ಲಿ ಒಂದು ತೆಳುವಾದ ಪದರ ಹಿಡಿದು, ಹಳ್ಳಿಯ ಜನ ಕೈಹಾರೆಗಳಿಂದಲೇ ಸುರಂಗ ಕೊರೆಯುತ್ತಾರೆ. ಮಣ್ಣು ಕುಸಿದು ಜೀವ ಹೋಗುವ ಅಪಾಯ ಅಲ್ಲಿ ನಿತ್ಯದ್ದು. ಹರಳಿನ ಬೆಲೆಯ ಬಗ್ಗೆ ಮಾತನಾಡುವಾಗ ಆ ದುಡಿಮೆಯೂ ನಮ್ಮ ನೆನಪಿನಲ್ಲಿರಬೇಕೆಂದು ನನಗೆ ಅನಿಸುತ್ತದೆ.

ನಮ್ಮ ವಿಜಯಪುರದ ಕರಿಕಲ್ಲು ಕೂಡ ಜ್ವಾಲಾಮುಖಿಯದೇ, ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಲಾವಾ. ಅದರ ಪೊಳ್ಳುಗಳಲ್ಲಿಯೂ ಸಿಲಿಕಾ ತುಂಬಿಕೊಂಡಿದೆ, ಆದರೆ ಹೆಚ್ಚಾಗಿ ಅಗೇಟ್ ಮತ್ತು ಚಾಲ್ಸೆಡನಿಯ ರೂಪದಲ್ಲಿ. ಹೊಲದಲ್ಲಿ ಸಿಕ್ಕ ಬೆಳ್ಳನೆಯ ಕಲ್ಲನ್ನು ಓಪಲ್ ಎಂದು ತೋರಿಸಲು ತರುವ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳುತ್ತೇನೆ.

ಉತ್ತರ 3 (ಪತ್ತಾರ ಕೆಲಸದವರು, ಬಾಗಲಕೋಟೆ)

ಕೂಡಿಸುವ ಕೆಲಸದ ಕಡೆಯಿಂದ ನಾಲ್ಕು ಮಾತು. ಓಪಲಿನ ಗಡಸುತನ ಮೋಸ್ ಮಾಪಕದಲ್ಲಿ 5.5ರಿಂದ 6.5, ನಮ್ಮ ರಸ್ತೆಯ ಧೂಳಿನಲ್ಲಿರುವ ಸ್ಫಟಿಕ ಕಣಗಳದು 7. ಆದ್ದರಿಂದ ಧೂಳು ಕೂತ ಹರಳನ್ನು ಒಣ ಬಟ್ಟೆಯಿಂದ ತಿಕ್ಕಿದರೂ ಗೀರು ಬೀಳುತ್ತದೆ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಧೂಳು ಸರಿಸಬೇಕು. ಉಂಗುರದ ಅಳತೆ ಹೆಚ್ಚುಕಡಿಮೆ ಮಾಡಿಸುವಾಗ ಹರಳನ್ನು ಬಿಚ್ಚಿಸಿಯೇ ಬೆಸುಗೆ ಹಾಕಿಸಿರಿ, ಏಕೆಂದರೆ ಬೆಂಕಿಯ ಝಳ ತಾಗಿದರೆ ಓಪಲ್ ಒಡೆಯುತ್ತದೆ. ಅಂಗಡಿಗಳಲ್ಲಿರುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯಲು ಕೊಡಲೇಬಾರದು.

ಜ್ಯೋತಿಷಿಗಳು ಹೇಳಿದ ಉಂಗುರಗಳಲ್ಲಿ ಹರಳು ಬೆರಳಿಗೆ ತಾಗಲೆಂದು ಕೆಳಭಾಗವನ್ನು ತೆರೆದಿಡುತ್ತೇವೆ. ಇಥಿಯೋಪಿಯಾದ ಓಪಲ್ ಆದರೆ ಆ ತೆರವಿನಿಂದಲೇ ಬೆವರು, ಸಾಬೂನು, ಎಣ್ಣೆ ಒಳಗೆ ಸೇರುತ್ತವೆ. ನನ್ನ ಬಳಿ ಬರುವವರಿಗೆ ನಾನು ಪೆಂಡೆಂಟ್ ಮಾಡಿಸಲು ಹೇಳುತ್ತೇನೆ; ಎದೆಗೆ ತಾಗುವಂತೆ ಕಟ್ಟಿದರೂ ಅದು ದಿನವಿಡೀ ನೀರಿಗೆ ಬೀಳುವುದಿಲ್ಲ. ಬಿಲ್ಲಿನಲ್ಲಿ ಯಾವ ದೇಶದ್ದು, ಇಡೀ ಹರಳೋ ಅಥವಾ ತೆಳುವಾದ ಓಪಲ್ ಪದರವನ್ನು ಬೇರೆ ಕಲ್ಲಿಗೆ ಅಂಟಿಸಿದ ಡಬ್ಲೆಟ್ಟೋ, ಹೊಗೆ ಹಿಡಿಸಿ ಕಪ್ಪು ಮಾಡಿದ್ದೋ ಎಂಬುದನ್ನು ಬರೆಸಿಕೊಳ್ಳಿರಿ. ಡಬ್ಲೆಟ್ ಆದರೆ ಬದಿಯಿಂದ ಭೂತಗನ್ನಡಿಯಲ್ಲಿ ನೋಡಿದಾಗ ಅಂಟಿನ ನೇರ ಗೆರೆ ಕಾಣುತ್ತದೆ. ಅಂಚನ್ನು ಪಟ್ಟಿಯಿಂದ ಮುಚ್ಚಿ ಕೂಡಿಸಿದ ಮೇಲೆ ಆ ಗೆರೆ ಕಾಣಿಸುವುದಿಲ್ಲವಾದ್ದರಿಂದ, ಕೂಡಿಸುವ ಮೊದಲೇ ನೋಡಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಅನಂತ ಧನ್ಯವಾದಗಳು. ಡಿಸ್ಟಿಲ್ಡ್ ವಾಟರ್ ತರಿಸಿ ಉಂಗುರವನ್ನು ಇಟ್ಟಿದ್ದೇನೆ. ಸರಿಹೋದ ಮೇಲೆ ಮತ್ತೆ ಪೂಜೆ ಮಾಡಿಯೇ ಹಾಕಬೇಕೆಂದು ನಮ್ಮ ಅತ್ತೆಯವರ ಅಪೇಕ್ಷೆ. ಅದಕ್ಕೆ ದಾರಿ ಇದೆಯೇ?

ಉತ್ತರ 1 ಬರೆದವರು

ಅವಶ್ಯವಾಗಿ ಇದೆ. ಪಂಚಾಮೃತವನ್ನು ಬೇರೆ ಬಟ್ಟಲಿನಲ್ಲಿ ನೈವೇದ್ಯಕ್ಕೆ ಇಟ್ಟು, ಉಂಗುರವನ್ನು ಒಣ ಅಕ್ಕಿಯ ತಟ್ಟೆಯಲ್ಲಿ ದೇವರ ಮುಂದೆ ಇಡಿರಿ. ಕುಂಕುಮ ಮತ್ತು ಅರಿಷಿಣವನ್ನು ತಟ್ಟೆಯ ಅಂಚಿಗೆ ಹಚ್ಚಿದರೆ ಸಾಕು. ದೀಪ ಮತ್ತು ಊದುಬತ್ತಿಯನ್ನು ಉಂಗುರದಿಂದ ದೂರ ಇಡಿರಿ, ಹೊಗೆಯನ್ನೂ ಈ ಹರಳು ಹಿಡಿದುಕೊಳ್ಳುತ್ತದೆ. ಒಣಗಿದ ನಂತರವೂ ಹಳದಿ ಉಳಿದಿದ್ದರೆ ಹರಳನ್ನು ಬಿಚ್ಚಿಸಿ ತನ್ನಿರಿ. ಮೇಲ್ಮೈಯಲ್ಲಿ ಮಾತ್ರ ಇದ್ದರೆ ತುಸು ಸಾಣೆ ಹಿಡಿದು ತೆಗೆಯಬಹುದೇ ಎಂದು ನೋಡುತ್ತೇನೆ.