ಎಆರ್‌ಡಿಎಸ್ ಪೇಷೆಂಟ್‌ಗೆ ಟೈಡಲ್ ವಾಲ್ಯೂಮ್ ಇಷ್ಟು ಕಮ್ಮಿ ಯಾಕೆ?

ಪ್ರಶ್ನೆ: ಐಸಿಯು ಪೋಸ್ಟಿಂಗ್ ಈಗಷ್ಟೇ ಶುರುವಾಗಿದೆ. ಎಆರ್‌ಡಿಎಸ್ (ಶ್ವಾಸಕೋಶ ಊದಿ ನೀರು ತುಂಬೋ ಗಂಭೀರ ಸ್ಥಿತಿ), ಗಂಡಸು, ತೂಕ 90 ಕೆಜಿ, ಎತ್ತರ 165 ಸೆಂ.ಮೀ., ಸೀನಿಯರ್ ವೆಂಟಿಲೇಟರ್‌ನಲ್ಲಿ ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಕೊಡೋ ಗಾಳಿ) ಬರೀ 370 ಎಂಎಲ್ ಇಡ್ಸಿದಾರೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರ್ತಿದೆ, ಪಿಎಚ್ 7.26, ಆದ್ರೂ ವಾಲ್ಯೂಮ್ ಮುಟ್ಬೇಡ ಅಂತಾರೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಉತ್ತರ 1: ಸರಿಯಾಗೇ ಇಡ್ಸಿದಾರೆ. ಮೈತೂಕ ಹೆಚ್ಚಿದ್ರೆ ಶ್ವಾಸಕೋಶ ದೊಡ್ಡದಾಗಲ್ಲ, ಅದಕ್ಕೆ ಎತ್ತರಕ್ಕೆ ತಕ್ಕ ತೂಕ ಲೆಕ್ಕ ಹಾಕೋದು, ಇವರಿಗೆ ಸುಮಾರು 61.5 ಕೆಜಿ ಬರುತ್ತೆ, ಕೆಜಿಗೆ 6 ಎಂಎಲ್ ಅಂದ್ರೆ 370. ಅದೂ ಅಲ್ದೆ ಎಆರ್‌ಡಿಎಸ್‌ನಲ್ಲಿ ಗಾಳಿ ಆಡೋ ಭಾಗ ಸ್ವಲ್ಪವೇ ಉಳಿದಿರುತ್ತೆ, ಪೂರ್ತಿ ಗಾಳಿ ಅಲ್ಲಿಗೇ ನುಗ್ಗಿ ಅದನ್ನೂ ಹಾಳು ಮಾಡುತ್ತೆ. 2000ದ ಎಆರ್‌ಡಿಎಸ್ ನೆಟ್‌ವರ್ಕ್ ಟ್ರಯಲ್‌ನಲ್ಲಿ ಕೆಜಿಗೆ 12 ಎಂಎಲ್ ಗುಂಪಲ್ಲಿ ಸಾವು 39.8%, 6 ಎಂಎಲ್‌ನಲ್ಲಿ 31%. ಇನ್‌ಸ್ಪಿರೇಟರಿ ಹೋಲ್ಡ್ (ಗಾಳಿ ಒಳಗೆ ತಡೆಯೋ ಬಟನ್) ಒತ್ತಿ ಪ್ಲಾಟೋ (ಆಗ ಶ್ವಾಸಕೋಶದಲ್ಲಿರೋ ಒತ್ತಡ) ನೋಡಿ, 30 ಸೆಂ.ಮೀ. ನೀರಿನ ಒತ್ತಡ ದಾಟಬಾರ್ದು. ಅದರಲ್ಲಿ ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸೋ ಒತ್ತಡ) ಕಳೆದ್ರೆ ಡ್ರೈವಿಂಗ್ ಪ್ರೆಶರ್, 15ರ ಒಳಗಿದ್ರೆ ಒಳ್ಳೇದು.

ಉತ್ತರ 2: ಪಿಎಚ್ 7.26 ಸಾಮಾನ್ಯವಾಗಿ ತಡ್ಕೋಬಹುದು, ಆದ್ರೆ ತಲೆಯೊಳಗಿನ ಒತ್ತಡ ಏರಿದೋರಿಗೆ ಈ ಮಾತು ಬೇಡ. ಬೇಕಿದ್ರೆ ಉಸಿರಿನ ರೇಟ್ ಏರ್ಸಿ, ನಿಮಿಷಕ್ಕೆ 35ರ ತನಕ ಹೋಗ್ಬಹುದು, ಫ್ಲೋ ಗ್ರಾಫ್ ಮೇಲೆ ಮಾತ್ರ ಕಣ್ಣಿಡಿ, ಉಸಿರು ಬಿಡೋ ಗೆರೆ ಸೊನ್ನೆಗೆ ಮುಟ್ಟೋ ಮುಂಚೆನೇ ಮುಂದಿನ ಉಸಿರು ಶುರುವಾದ್ರೆ ಗಾಳಿ ಒಳಗೇ ಸಿಕ್ಕಾಕೊಳ್ತಿದೆ ಅಂತ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಎಫ್‌ಐಒ2 (ಕೊಡೋ ಗಾಳಿಯಲ್ಲಿ ಆಕ್ಸಿಜನ್ ಪಾಲು) 0.7, ಪಿಎಫ್ ರೇಶಿಯೋ (ರಕ್ತದ ಆಕ್ಸಿಜನ್ ಒತ್ತಡವನ್ನ ಎಫ್‌ಐಒ2ನಿಂದ ಭಾಗಿಸಿದ್ದು) 110. ಪ್ರೋನ್ ಮಾಡ್ಬಹುದಾ, ಅಂದ್ರೆ ಬೋರಲು ಮಲಗ್ಸಬಹುದಾ?

ಉತ್ತರ 1: ಮಾಡ್ಲೇಬೇಕು, ತಡ ಮಾಡ್ಬೇಡಿ ಅಂತ ಸೀನಿಯರ್‌ಗೆ ಈಗ್ಲೇ ಹೇಳಿ. ಪಿಎಫ್ ರೇಶಿಯೋ 150ಕ್ಕಿಂತ ಕಮ್ಮಿ ಇದ್ದೋರನ್ನ ದಿನಕ್ಕೆ 16 ಗಂಟೆಯಾದ್ರೂ ಬೋರಲು ಮಲಗ್ಸಿದ್ರೆ ಸಾವು ಗಣನೀಯವಾಗಿ ಕಮ್ಮಿ ಆಗುತ್ತೆ ಅಂತ 2013ರ ಪ್ರೊಸೀವಾ ಟ್ರಯಲ್ ತೋರ್ಸಿದೆ. ತಿರುಗ್ಸುವಾಗ ಟ್ಯೂಬ್ ಹಿಡ್ಕೊಳ್ಳೋಕೆ ತಲೆ ಹತ್ರ ಒಬ್ರು ಇರ್ಲೇಬೇಕು, ಕಣ್ಣು ಪೂರ್ತಿ ಮುಚ್ಚಿದೆಯಾ ನೋಡ್ಕೊಳ್ಳಿ.