ಜೋಗಿಮಟ್ಟಿಯ ರೋವ್ ಬೀಟಲ್: ಲೋಟ ಹೂಳುವುದೋ, ಜರಡಿ ಹಿಡಿಯುವುದೋ?

ದಾವಣಗೆರೆ ವಿದ್ಯಾರ್ಥಿ: ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ತರಗೆಲೆಯಲ್ಲಿ ರೋವ್ ಬೀಟಲ್‌ಗಳು (ಗಿಡ್ಡ ರೆಕ್ಕೆಯ ಜೀರುಂಡೆಗಳು) ಎಲ್ಲೆಲ್ಲಿ ಹರಡಿವೆ ಎಂಬುದರ ಮೇಲೆ ಪ್ರಬಂಧ ಬರೆಯಬೇಕಿದೆ. ಓಡಾಡುವ ಹುಳು ಒಳಗೆ ಬೀಳುವಂತೆ ನೆಲಮಟ್ಟಕ್ಕೆ ಪಿಟ್‌ಫಾಲ್ ಲೋಟ ಹೂಳಲೋ, ತರಗೆಲೆ ಜರಡಿ ಹಿಡಿಯಲೋ? ಅರಣ್ಯ ಇಲಾಖೆಯ ಅನುಮತಿ ದೊರೆತಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕೋಟೆಯವನು: ಲೋಟವನ್ನೇ ಹೂಳಿ. ನನ್ನ ಲೋಟಗಳನ್ನು ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಮಗುಚಿಹಾಕಿದ ಮೇಲೆ ತಂತಿಜಾಲರಿ ಬಿಗಿದು, ಮಳೆನೀರು ತುಂಬದಂತೆ ತಗಡು ಮುಚ್ಚಿ, ಬಿದ್ದ ಹುಳು ಕೆಡದಂತೆ ಲೋಟಕ್ಕೆ ಹಾಕುವ ಮದ್ಯಸಾರ ಆರಿಹೋಗುತ್ತದೆಂದು ಅದರ ಬದಲು ಪ್ರೊಪಿಲೀನ್ ಗ್ಲೈಕಾಲ್ ತರಿಸಿದೆ. ಕ್ಯಾನಿಗೆ 1,900 ರೂಪಾಯಿ, ಜಾಲರಿಗೆ 640, ತಗಡಿಗೆ 310. ಪೆಟ್ರೋಲ್ ಖರ್ಚು ಬೇರೆ. ಇದರಲ್ಲಿ ಒಂದು ಪೈಸೆಯೂ ವಾಪಸ್ ಬರಲಿಲ್ಲ. ಆದರೆ ಹಳ್ಳದ ಅಂಚಿನ ಲೋಟಗಳಿಗೆ ಬಿದ್ದಷ್ಟು ಹುಳು ಇಳಿಜಾರಿನ ಕುರುಚಲಲ್ಲಿ ಬೀಳಲಿಲ್ಲವೆಂಬುದೇ ನನ್ನ ಪ್ರಬಂಧದ ತಿರುಳಾಯಿತು.

ಜರಡಿ: ತಿರುಳೇ ಟೊಳ್ಳು, ಸ್ವಾಮಿ. ಲೋಟಕ್ಕೆ ಹೆಚ್ಚು ಬಿದ್ದರೆ ಅಲ್ಲಿ ಹುಳು ಹೆಚ್ಚು ಓಡಾಡಿವೆ ಎಂದರ್ಥವೇ ಹೊರತು, ಹೆಚ್ಚು ಇವೆ ಎಂದಲ್ಲ. ಕೊಳೆತ ಮರದ ತೊಗಟೆಯಡಿ, ಅಣಬೆಯೊಳಗೆ, ಗೆದ್ದಲಗೂಡಿನಲ್ಲಿ ಬದುಕುವ ಬಗೆಗಳು ನಿಮ್ಮ ಲೋಟದತ್ತ ಸುಳಿಯುವುದೂ ಇಲ್ಲ. ನಾನು ಜರಡಿ ಹಿಡಿದ ಎಲೆಯನ್ನು ಬರ್ಲೀಸ್ ಫನೆಲ್‌ಗೆ, ಅಂದರೆ ಮೇಲಿನ ಬಲ್ಬಿನ ಕಾವಿಗೆ ಹುಳುಗಳು ಕೆಳಗಿನ ಸೀಸೆಗೆ ಇಳಿಯುವ ಆಲಿಕೆಗೆ, ಸುರಿದವನು. ಬಲ್ಬಿನ ಕಾವು ಜಾಸ್ತಿಯಾದರೆ ಎಲೆ ಬೇಗನೆ ಒಣಗಿ, ಮರಿಹುಳುಗಳು ಕೆಳಗಿಳಿಯುವ ಮೊದಲೇ ಸಾಯುತ್ತವೆ. 25 ವ್ಯಾಟ್‌ನ ಹಳೆಯ ಬಲ್ಬಿಗಾಗಿ ಅಂಗಡಿ ಅಂಗಡಿ ಅಲೆದೆ. ಎಲ್ಲರೂ ಎಲ್‌ಇಡಿಯನ್ನೇ ಚಾಚುತ್ತಾರೆ, ಅದರಲ್ಲಿ ಕಾವೆಲ್ಲಿದೆ? ಮಳೆಗೆ ಕರೆಂಟ್ ಹೋಗಿ, ತಂದ ಎಲೆಯೆಲ್ಲ ಬೂಷ್ಟು ಹಿಡಿದ ಸಂಕಟ ಬೇರೆ.

ಭದ್ರಾ ನಾಲೆ: ಅದಕ್ಕೆ ಕಾಡಿಗೇಕೆ ಹೋಗಬೇಕು? ನಮ್ಮ ಭತ್ತದ ಗದ್ದೆಯ ಪೆಡೆರಸ್ ಎಂಬ ರೋವ್ ಬೀಟಲ್ ಟ್ಯೂಬ್‌ಲೈಟ್ ಹುಡುಕಿಕೊಂಡು ತಾನೇ ಮನೆಗೆ ಬರುತ್ತದೆ. ಗಿಡ್ಡ ನೀಲಿ ರೆಕ್ಕೆ, ಕೆಂಪು ಮೈ, ಚೇಳಿನಂತೆ ಎತ್ತಿದ ಬಾಲದ ತುದಿ. ಕುತ್ತಿಗೆಯ ಮೇಲೆ ಅರೆದುಹೋಯಿತು. ಮರುದಿನ ಸುಟ್ಟಂತೆ ನೀರುಗುಳ್ಳೆ. ವೈದ್ಯರೊಬ್ಬರು ಸರ್ಪಸುತ್ತೆಂದು 1,450 ರೂಪಾಯಿಯ ಮಾತ್ರೆ ಬರೆದುಕೊಟ್ಟರು. ಕಲೆ ಇನ್ನೂ ಹೋಗಿಲ್ಲ.

ಕೋಟೆಯವನು: ಅವರು ಕೇಳಿರುವುದು ಕಾಡಿನ ಹುಳುವಿನ ಬಗ್ಗೆ.

ಭದ್ರಾ ನಾಲೆ: 60,000ಕ್ಕೂ ಹೆಚ್ಚು ಪ್ರಭೇದಗಳಿರುವ ರೋವ್ ಬೀಟಲ್‌ಗಳ ಸ್ಟ್ಯಾಫಿಲಿನಿಡೇ ಕುಟುಂಬದಲ್ಲಿ ಗದ್ದೆಯದಕ್ಕೆ ಮಾತ್ರ ಜಾಗವಿಲ್ಲವೋ?

ಜರಡಿ: ನಿಮಗೆ ಗುಳ್ಳೆ ಎಬ್ಬಿಸಿದ ಆ ಪೆಡೆರಿನ್ ವಿಷವನ್ನು ತಯಾರಿಸುವುದು ಹುಳುವಲ್ಲ, ಅದರೊಳಗಿನ ಬ್ಯಾಕ್ಟೀರಿಯಾ. ಸಿಟ್ಟು ಯಾರ ಮೇಲೆಂದು ಮೊದಲು ತೀರ್ಮಾನಿಸಿ.

ದಾವಣಗೆರೆ ವಿದ್ಯಾರ್ಥಿ: ಯಾವ ತಿಂಗಳು ಹೋಗಲಿ ಎಂದಾದರೂ ಹೇಳುವಿರಾ?

ಜರಡಿ: ಸೆಪ್ಟೆಂಬರ್, ಅಕ್ಟೋಬರ್. ದುರ್ಗದಲ್ಲಿ ತರಗೆಲೆ ಸರಿಯಾಗಿ ನೆನೆಯುವುದು ಆಗಲೇ.

ಕೋಟೆಯವನು: ಆಗಲೇ ಲೋಟಕ್ಕೂ ಬೀಳುತ್ತವೆ. ಅದನ್ನೂ ಬರೆಯಿರಿ, ಸ್ವಾಮಿ.